ಹಸಿರು ಶಕ್ತಿಯೂ ಗಣಕದ ಲೆಕ್ಕವೂ: ನಮ್ಮ ಕಾರ್ಖಾನೆಗಳ ಹುಟ್ಟುವಳಿಯ ಪ್ರಶ್ನೆ

ಕೈಗಾರಿಕೆಗಳ ಅಭಿವೃದ್ಧಿಯ ವಿಷಯವಾಗಿ ಈಚೆಗೆ ನಡೆಯುತ್ತಿರುವ ಸಭೆಗಳಲ್ಲೆಲ್ಲಾ ಎರಡು ಮಾತುಗಳು ಒಂದೇ ನೊಗಕ್ಕೆ ಕಟ್ಟಿದ ಎತ್ತುಗಳಂತೆ ಜೊತೆಯಾಗಿ ಕೇಳಿಬರುತ್ತಿರುವುದನ್ನು ನಮ್ಮ ವಾಚಕರು ಗಮನಿಸಿರಬಹುದು. ಡಿಜಿಟಲ್ ಪರಿವರ್ತನೆಯೆಂಬುದು ಒಂದು. ಹಸಿರು ಪರಿವರ್ತನೆಯೆಂಬುದು ಇನ್ನೊಂದು. ಐರೋಪ್ಯ ಒಕ್ಕೂಟದವರು ೨೦೨೦ನೆಯ ಇಸವಿಯ ಮಾರ್ಚಿ ತಿಂಗಳಲ್ಲಿ ಪ್ರಕಟಿಸಿದ ತಮ್ಮ ಕೈಗಾರಿಕಾ ನೀತಿಯಲ್ಲಿ ಇವೆರಡನ್ನೂ ಅವಳಿ ಪರಿವರ್ತನೆಯೆಂದು ಜೋಡಿಸಿ ಹೇಳಿದರು. ಅಂದಿನಿಂದ ಈ ಮಾತು ಮಂತ್ರದಂತೆ ದೇಶದೇಶಗಳಲ್ಲಿ ಪಠಿಸಲ್ಪಡುತ್ತಿದೆ. ಮಂತ್ರವೆಂದ ಮೇಲೆ ಅರ್ಥವನ್ನು ಕೇಳುವವರು ಕಡಮೆ. ಮೊದಲನೆಯದರ ಅರ್ಥವೇನೆಂದರೆ, ಕಾರ್ಖಾನೆಯ ಕೆಲಸವನ್ನು ಗಣಕಯಂತ್ರದ ಅಳತೆಗೂ ಲೆಕ್ಕಕ್ಕೂ ಒಳಪಡಿಸುವುದು. ಎರಡನೆಯದರ ಅರ್ಥ, ಕಲ್ಲಿದ್ದಲು ಎಣ್ಣೆಗಳನ್ನು ಸುಡುವುದನ್ನು ತಗ್ಗಿಸಿ ಬಿಸಿಲು ಗಾಳಿ ನೀರುಗಳ ಶಕ್ತಿಯನ್ನು ಬಳಸುವುದು, ಮತ್ತು ಬಳಸುವ ಶಕ್ತಿಯಲ್ಲಿಯೂ ನೀರಿನಲ್ಲಿಯೂ ಪೋಲಾಗದಂತೆ ನೋಡಿಕೊಳ್ಳುವುದು.

ಇಷ್ಟು ತಿಳಿದ ಮೇಲೆ ಪೀಣ್ಯದಲ್ಲಿ ಹತ್ತು ಜನ ಕೆಲಸಗಾರರನ್ನಿಟ್ಟುಕೊಂಡು ಬಿಡಿಭಾಗಗಳನ್ನು ತಯಾರಿಸುವವನೂ, ಬೆಳಗಾವಿಯ ಉದ್ಯಮಬಾಗಿನಲ್ಲಿ ಎರಕದ ಕುಲುಮೆಯನ್ನು ನಡೆಸುವವನೂ ಕೇಳುವ ಪ್ರಶ್ನೆ ಒಂದೇ. ಇದರಿಂದ ನನ್ನ ಹುಟ್ಟುವಳಿ ಹೆಚ್ಚುವುದೋ, ಇಲ್ಲವೇ ನನ್ನ ಸಾಲ ಹೆಚ್ಚುವುದೋ? ಪ್ರಶ್ನೆ ನ್ಯಾಯವಾದದ್ದು. ಇದಕ್ಕೆ ಭಾಷಣದಿಂದ ಉತ್ತರ ಕೊಡಲಾಗದು. ನಮಗೆ ತೋರುವ ಮಟ್ಟಿಗೆ, ಇವೆರಡರಲ್ಲಿ ಯಾವುದೊಂದನ್ನು ಪ್ರತ್ಯೇಕವಾಗಿ ತಂದು ಹಳೆಯ ಕೆಲಸದ ಮೇಲೆ ಹೇರಿದರೂ ಅದು ವೆಚ್ಚವಾಗಿಯೇ ಉಳಿಯುತ್ತದೆ. ಎರಡೂ ಕೂಡಿ, ಕೆಲಸದ ಕ್ರಮವೇ ಬದಲಾದಾಗ ಮಾತ್ರ ಹುಟ್ಟುವಳಿ ಏರುತ್ತದೆ. ಹಾಗೆ ಕ್ರಮವನ್ನು ಬದಲಿಸುವ ಶಕ್ತಿ ದೊಡ್ಡ ಕಂಪೆನಿಗಳಿಗುಂಟು. ಸಣ್ಣ ಕಾರ್ಖಾನೆಗಳಿಗೆ ಇನ್ನೂ ಒದಗಿಲ್ಲ. ನಾವು ಚಿಂತಿಸಬೇಕಾದದ್ದು ಇಲ್ಲಿಯೇ.

ಮಾತು ಹೊಸದಾದರೂ ವಿಷಯವು ಈ ನಾಡಿಗೆ ಹೊಸದಲ್ಲ. ೧೯೦೨ನೆಯ ಇಸವಿ ಜೂನ್ ೩೦ರಂದು ಶಿವನಸಮುದ್ರದ ಕಾವೇರಿಯ ಧುಮುಕಿನಲ್ಲಿ ಹುಟ್ಟಿದ ವಿದ್ಯುಚ್ಛಕ್ತಿಯು ಸುಮಾರು ೯೨ ಮೈಲು ದೂರದ ಕೋಲಾರದ ಚಿನ್ನದ ಗಣಿಗಳನ್ನು ಮುಟ್ಟಿತು. ಈ ಕಾರ್ಯಕ್ಕೆ ಬೆನ್ನೆಲುಬಾಗಿ ನಿಂತವರು ದಿವಾನ್ ಸರ್ ಕೆ. ಶೇಷಾದ್ರಿ ಅಯ್ಯರ್‌ರವರು. ಅದು ಕೈಗೂಡುವುದನ್ನು ಕಣ್ಣಾರೆ ಕಾಣುವ ಭಾಗ್ಯ ಅವರಿಗಿರಲಿಲ್ಲ. ಹಿಂದಿನ ವರ್ಷವೇ ಅವರು ಕಾಲವಾಗಿದ್ದರು. ಅದುವರೆಗೆ ಗಣಿಗಳ ಯಂತ್ರಗಳನ್ನು ತಿರುಗಿಸುತ್ತಿದ್ದದ್ದು ಸೌದೆ ಕಲ್ಲಿದ್ದಲುಗಳನ್ನು ನುಂಗುವ ಉಗಿಯಂತ್ರಗಳು. ಅವುಗಳ ಸ್ಥಾನಕ್ಕೆ ಹೊಗೆಯಿಲ್ಲದ ನೀರಿನ ಶಕ್ತಿ ಬಂದಿತು. ಇಂದಿನ ಭಾಷೆಯಲ್ಲಿ ಹೇಳುವುದಾದರೆ ಅದೊಂದು ಹಸಿರು ಪರಿವರ್ತನೆಯೇ ಸರಿ. ಬೆಂಗಳೂರಿನ ಪೇಟೆಗೆ ವಿದ್ಯುದ್ದೀಪ ಬಂದದ್ದು ಇನ್ನೂ ಮೂರು ವರ್ಷಗಳ ಮೇಲೆ, ೧೯೦೫ರಲ್ಲಿ. ಮೊದಲು ದುಡಿಮೆಗೆ, ಆಮೇಲೆ ದೀಪಕ್ಕೆ ಎಂಬ ಆ ಕ್ರಮವೂ ವಿಚಾರಯೋಗ್ಯವಾದದ್ದೇ.

ಆದರೆ ಆ ಶಕ್ತಿಗೆ ಒಂದು ಕುಂದಿತ್ತು. ಬೇಸಗೆಯಲ್ಲಿ ಹೊಳೆ ಇಳಿದರೆ ವಿದ್ಯುತ್ತೂ ಇಳಿಯುತ್ತಿತ್ತು. ಗಣಿಗಳ ಬೇಡಿಕೆ ಮಾತ್ರ ಇಳಿಯುತ್ತಿರಲಿಲ್ಲ. ೧೯೧೧ರಲ್ಲಿ ಕನ್ನಂಬಾಡಿಯಲ್ಲಿ ಅಣೆಕಟ್ಟಿನ ಕೆಲಸ ಪ್ರಾರಂಭವಾದದ್ದಕ್ಕೆ ಇದ್ದ ಕಾರಣಗಳಲ್ಲಿ ಶಿವನಸಮುದ್ರಕ್ಕೆ ವರ್ಷವಿಡೀ ಸಮನಾಗಿ ನೀರು ಬಿಡಬೇಕೆಂಬುದೂ ಒಂದಾಗಿತ್ತು. ಪ್ರಕೃತಿಯು ಉಚಿತವಾಗಿ ಕೊಡುವ ಶಕ್ತಿಯು ತನ್ನ ಕಾಲಕ್ಕೆ ಕೊಡುತ್ತದೆಯೇ ಹೊರತು ನಮ್ಮ ಕಾಲಕ್ಕೆ ಕೊಡುವುದಿಲ್ಲ. ಈ ಮಾತನ್ನು ವಾಚಕರು ನೆನಪಿನಲ್ಲಿಟ್ಟುಕೊಳ್ಳಬೇಕು. ಮುಂದೆ ಇದೇ ವಿಷಯ ಬಿಸಿಲಿನ ರೂಪದಲ್ಲಿ ಎದುರಾಗುವುದು.

ಹೊಸ ಶಕ್ತಿ ಬಂದೊಡನೆ ಹುಟ್ಟುವಳಿ ಹೆಚ್ಚಿತೆ ಎಂಬ ಪ್ರಶ್ನೆಗೆ ಅಮೆರಿಕೆಯ ಕಾರ್ಖಾನೆಗಳ ಚರಿತ್ರೆಯಲ್ಲಿ ಬಹು ಸ್ಪಷ್ಟವಾದ ಉತ್ತರವುಂಟು. ಎಡಿಸನ್ನನು ನ್ಯೂಯಾರ್ಕಿನಲ್ಲಿ ವಿದ್ಯುತ್ ಕೇಂದ್ರವನ್ನು ಸ್ಥಾಪಿಸಿದ್ದು ೧೮೮೨ರಲ್ಲಿ. ಆದರೂ ೧೯೦೦ರ ಸುಮಾರಿಗೆ ಆ ದೇಶದ ಕಾರ್ಖಾನೆಗಳ ಯಂತ್ರಶಕ್ತಿಯಲ್ಲಿ ವಿದ್ಯುತ್ ಮೋಟಾರುಗಳ ಪಾಲು ನೂರಕ್ಕೆ ಐದರ ಆಸುಪಾಸಿನಲ್ಲಿತ್ತು. ಮೋಟಾರನ್ನು ತಂದವರೂ ಬಹುಮಟ್ಟಿಗೆ ಮಾಡಿದ್ದೇನು? ಉಗಿಯಂತ್ರವನ್ನು ಕಿತ್ತು ಅದೇ ಜಾಗದಲ್ಲಿ ಒಂದು ದೊಡ್ಡ ಮೋಟಾರನ್ನು ಕೂರಿಸಿದರು. ಮಾಳಿಗೆಯಡಿಯ ಉದ್ದನೆಯ ಷಾಫ್ಟು ಹಾಗೆಯೇ ತಿರುಗುತ್ತಿತ್ತು. ಅದರಿಂದ ಇಳಿಬಿದ್ದ ಬೆಲ್ಟುಗಳು ಹಾಗೆಯೇ ಇದ್ದವು. ಒಂದು ಯಂತ್ರ ನಡೆಯಬೇಕಾದರೂ ಇಡೀ ಷಾಫ್ಟು ತಿರುಗಬೇಕು. ಹೆಚ್ಚು ಶಕ್ತಿ ಬೇಕಾದ ಯಂತ್ರ ಷಾಫ್ಟಿಗೆ ಹತ್ತಿರವಿರಬೇಕು. ಕೆಲಸದ ಸರಣಿ ಹೇಗಿದ್ದರೂ ಸರಿ. ಕಾರ್ಖಾನೆಯ ಕಟ್ಟಡವೇ ಷಾಫ್ಟಿನ ಸೇವೆಗಾಗಿ ಕಟ್ಟಲ್ಪಟ್ಟಿತ್ತು.

ಪ್ರತಿಯೊಂದು ಯಂತ್ರಕ್ಕೂ ಅದರದೇ ಆದ ಸಣ್ಣ ಮೋಟಾರು ಬಂದ ಮೇಲೆಯೇ ಈ ಬಂಧನ ಕಳಚಿದ್ದು. ಆಗ ಯಂತ್ರಗಳನ್ನು ಕೆಲಸ ಸಾಗುವ ಕ್ರಮದಲ್ಲಿ ಸಾಲಾಗಿ ಇಡಬಹುದಾಯಿತು. ಒಂದೇ ಅಂತಸ್ತಿನ ಬೆಳಕಿನ ಕಟ್ಟಡ ಸಾಕಾಯಿತು. ಬೇಡವಾದ ಯಂತ್ರವನ್ನು ನಿಲ್ಲಿಸಬಹುದಾಯಿತು. ಹುಟ್ಟುವಳಿ ಜಿಗಿದದ್ದು ೧೯೨೦ರ ನಂತರದ ದಶಕದಲ್ಲಿ. ಎಂದರೆ ಎಡಿಸನ್ನನ ಕೇಂದ್ರ ಹುಟ್ಟಿದ ನಾಲ್ವತ್ತು ವರ್ಷಗಳ ಮೇಲೆ! ಪಾಲ್ ಡೇವಿಡ್ ಎಂಬ ಅರ್ಥಶಾಸ್ತ್ರಜ್ಞರು ೧೯೯೦ರಲ್ಲಿ ಈ ಚರಿತ್ರೆಯನ್ನು ಎತ್ತಿ ತೋರಿಸಿದ್ದು ಗಣಕಯಂತ್ರದ ವಿಷಯವಾಗಿ ಎದ್ದಿದ್ದ ಒಂದು ಚರ್ಚೆಗೆ ಉತ್ತರವಾಗಿ. ೧೯೮೭ರಲ್ಲಿ ರಾಬರ್ಟ್ ಸೊಲೋ ಎಂಬ ನೊಬೆಲ್ ಪಾರಿತೋಷಕವನ್ನು ಪಡೆದ ಪಂಡಿತರು, ಗಣಕಯಂತ್ರವು ಎಲ್ಲ ಕಡೆಯಲ್ಲಿಯೂ ಕಾಣುತ್ತದೆ, ಉತ್ಪಾದಕತೆಯ ಅಂಕಿಅಂಶಗಳಲ್ಲಿ ಮಾತ್ರ ಕಾಣುವುದಿಲ್ಲವೆಂಬ ಅರ್ಥದಲ್ಲಿ ವಿನೋದವಾಗಿ ಹೇಳಿದ್ದರು. ಅದಕ್ಕೆ ಡೇವಿಡ್‌ರ ಸಮಾಧಾನವೇನೆಂದರೆ, ಮೋಟಾರು ಬಂದಾಗಲೂ ಹೀಗೆಯೇ ಆಯಿತು, ಹಳೆಯ ಷಾಫ್ಟನ್ನು ಕಿತ್ತುಹಾಕುವವರೆಗೆ ಕಾಯಬೇಕು ಎಂಬುದು.

ಈಗ ನಮ್ಮ ಕಾರ್ಖಾನೆಗಳನ್ನು ನೋಡೋಣ. ಗಣಕಯಂತ್ರವನ್ನು ಕೊಂಡು ಲೆಕ್ಕಪತ್ರದ ಗುಮಾಸ್ತರ ಮೇಜಿನ ಮೇಲಿಟ್ಟು, ಬಿಲ್ಲು ಬರೆಯುವುದಕ್ಕೂ ತೆರಿಗೆಯ ಪತ್ರಗಳನ್ನು ಕಳುಹುವುದಕ್ಕೂ ಬಳಸುವ ಮಾಲೀಕರು ಎಷ್ಟೋ ಮಂದಿ. ಛಾವಣಿಯ ಮೇಲೆ ಸೌರಫಲಕಗಳನ್ನು ಹಾಸಿ, ಕೆಳಗೆ ಮೊದಲಿನಂತೆಯೇ ಸೋರುವ ಗಾಳಿಕೊಳವೆಗಳನ್ನು ಇಟ್ಟುಕೊಂಡಿರುವವರೂ ಉಂಟು. ಇವರಲ್ಲಿ ಮೊದಲನೆಯವರು ಡಿಜಿಟಲ್ ಆದರು, ಎರಡನೆಯವರು ಹಸಿರಾದರು. ಆದರೆ ಷಾಫ್ಟು ಹಾಗೆಯೇ ತಿರುಗುತ್ತಿದೆ.

ಎರಡನ್ನೂ ಕೂಡಿಸುವ ವಸ್ತು ಯಾವುದೆಂದರೆ, ಅತಿ ಸಾಮಾನ್ಯವಾದ ಮೀಟರು. ತಿಂಗಳಿಗೊಮ್ಮೆ ಬರುವ ವಿದ್ಯುತ್ತಿನ ಬಿಲ್ಲು ಇಡೀ ಕಾರ್ಖಾನೆಗೆ ಸೇರಿದ ಒಂದೇ ಅಂಕಿಯನ್ನು ಹೇಳುತ್ತದೆ. ಅದು ಮನೆಯ ಯಜಮಾನನಿಗೆ ತಿಂಗಳ ಕೊನೆಯಲ್ಲಿ ಒಟ್ಟು ಖರ್ಚನ್ನು ಮಾತ್ರ ಹೇಳಿ, ಅಕ್ಕಿಗೆಷ್ಟು, ಔಷಧಿಗೆಷ್ಟು, ಮದುವೆಯ ಉಡುಗೊರೆಗೆಷ್ಟು ಎಂಬುದನ್ನು ಮುಚ್ಚಿಟ್ಟಂತೆ. ಪ್ರತಿ ಯಂತ್ರಕ್ಕೂ ಪ್ರತ್ಯೇಕ ಅಳತೆಯನ್ನಿಟ್ಟು, ಅದನ್ನು ನಿಮಿಷ ನಿಮಿಷಕ್ಕೆ ಬರೆದಿಡುವ ಏರ್ಪಾಡಾದರೆ ಕಾಣುವ ಸಂಗತಿಗಳು ಆಶ್ಚರ್ಯಕರವಾಗಿರುತ್ತವೆ. ಗಾಳಿಯನ್ನು ಒತ್ತಿ ತುಂಬುವ ಕಂಪ್ರೆಸರಿನ ವಿಷಯವನ್ನೇ ತೆಗೆದುಕೊಳ್ಳಬಹುದು. ಸರಿಯಾಗಿ ನೋಡಿಕೊಳ್ಳದ ಕಾರ್ಖಾನೆಗಳಲ್ಲಿ ಅದು ಒತ್ತಿದ ಗಾಳಿಯಲ್ಲಿ ನೂರಕ್ಕೆ ೨೦ರಿಂದ ೩೦ ಪಾಲು ಕೊಳವೆಯ ಸಂದುಗಳಲ್ಲಿ ಸೋರಿಹೋಗುವುದು ಇಂಜನಿಯರುಗಳೆಲ್ಲರೂ ಬಲ್ಲ ಮಾತು. ಗಾಳಿ ಸೋರುವುದು ಕಣ್ಣಿಗೆ ಕಾಣದು. ಎಣ್ಣೆ ಸೋರಿದ್ದರೆ ಅದೇ ಕ್ಷಣದಲ್ಲಿ ಕೂಗಾಡುತ್ತಿದ್ದೆವು. ಭಾನುವಾರ ರಾತ್ರಿ ಕಾರ್ಖಾನೆ ಮುಚ್ಚಿದ್ದಾಗಲೂ ಕಂಪ್ರೆಸರಿನ ಮೀಟರು ಓಡುತ್ತಿದ್ದರೆ ಸೋರಿಕೆ ಎಷ್ಟೆಂಬುದು ಸೋಮವಾರ ಬೆಳಿಗ್ಗೆ ಕಾಗದದ ಮೇಲಿರುತ್ತದೆ.

ಇಂಥದೇ ಇನ್ನೊಂದು ಸಂಗತಿ ಪಂಪುಗಳದೂ ಬೀಸಣಿಗೆಗಳದೂ. ಹೆಚ್ಚು ನೀರು ಬರುತ್ತಿದ್ದರೆ ನಮ್ಮವರು ಕವಾಟವನ್ನು ಅರ್ಧ ಮುಚ್ಚುತ್ತಾರೆ. ಪಂಪು ಮಾತ್ರ ಪೂರ್ಣವೇಗದಲ್ಲಿಯೇ ಓಡುತ್ತಿರುತ್ತದೆ. ಗಾಡಿಯ ಎತ್ತುಗಳನ್ನು ಬಾರುಕೋಲಿನಿಂದ ಹೊಡೆಯುತ್ತಲೇ ಮೂಗುದಾರವನ್ನು ಹಿಂದಕ್ಕೆ ಜಗ್ಗುವಂತಹ ಕೆಲಸವಿದು. ವೇಗವನ್ನೇ ತಗ್ಗಿಸುವ ವಿದ್ಯುನ್ಮಾನ ಸಾಧನಗಳು ಈಗ ಸುಲಭವಾಗಿ ದೊರೆಯುತ್ತವೆ. ಬೀಸಣಿಗೆಯ ವೇಗವನ್ನು ಐದರಲ್ಲೊಂದು ಪಾಲು ತಗ್ಗಿಸಿದರೆ ಅದು ಹೀರುವ ಶಕ್ತಿ ಹೆಚ್ಚುಕಡಮೆ ಅರ್ಧಕ್ಕೆ ಇಳಿಯುವುದು. ಇದು ಯಾವ ಕಂಪೆನಿಯ ಜಾಹೀರಾತೂ ಅಲ್ಲ, ಭೌತಶಾಸ್ತ್ರದ ನಿಯಮ. ಶಕ್ತಿಯು ವೇಗದ ಘನಕ್ಕೆ ಅನುಸಾರವಾಗಿ ಬದಲಾಗುತ್ತದೆ. ನೀರನ್ನು ಎತ್ತರಕ್ಕೆ ಏರಿಸಬೇಕಾದ ಪಂಪಿನಲ್ಲಿ ಲಾಭ ಇಷ್ಟಾಗುವುದಿಲ್ಲವೆಂಬುದನ್ನೂ ಹೇಳಬೇಕು. ಮಾರುವವರು ಸಾಮಾನ್ಯವಾಗಿ ಇದನ್ನು ಹೇಳುವುದಿಲ್ಲ.

ಇವೆಲ್ಲ ಉಳಿತಾಯದ ಮಾತಾಯಿತು. ಉಳಿತಾಯ ಬೇರೆ, ಉತ್ಪಾದಕತೆ ಬೇರೆ ಎಂದು ಯಾರಾದರೂ ಆಕ್ಷೇಪಿಸಬಹುದು. ಎರಡೂ ಒಂದೆಡೆ ಸೇರುವುದನ್ನು ಎರಕದ ಕಾರ್ಖಾನೆಯಲ್ಲಿ ಚೆನ್ನಾಗಿ ಕಾಣಬಹುದಾಗಿದೆ. ವಿದ್ಯುತ್ ಕುಲುಮೆಯಲ್ಲಿ ಒಂದು ಟನ್ ಕಬ್ಬಿಣವನ್ನು ಕರಗಿಸಲು ೫೫೦ರಿಂದ ೭೦೦ ಯೂನಿಟ್ ಬೇಕಾಗುವುದು ಸಾಮಾನ್ಯ. ಲೆಕ್ಕ ಸುಲಭವಾಗಲೆಂದು ೬೦೦ ಎಂದಿಟ್ಟುಕೊಳ್ಳೋಣ. ತಿಂಗಳಿಗೆ ೧೦೦ ಟನ್ ಎರಕ ಹೊಯ್ಯುವ ಕಾರ್ಖಾನೆಗೆ ೬೦,೦೦೦ ಯೂನಿಟ್ ಖರ್ಚು. ಹೊಯ್ದದ್ದರಲ್ಲಿ ನೂರಕ್ಕೆ ಹತ್ತು ಭಾಗ ಗಾಳಿಗುಳ್ಳೆಯಿಂದಲೋ ಬಿರುಕಿನಿಂದಲೋ ತಿರಸ್ಕೃತವಾಯಿತೆಂದು ಭಾವಿಸಿದರೆ, ಆ ಕಬ್ಬಿಣ ಮತ್ತೆ ಕುಲುಮೆಗೆ ಹೋಗುತ್ತದೆ, ನಿಜ. ಆದರೆ ಅದಕ್ಕೆ ತಗಲಿದ ೬,೦೦೦ ಯೂನಿಟ್ ವಿದ್ಯುತ್ತಾಗಲಿ, ಅಚ್ಚಿನ ಮರಳಾಗಲಿ, ಕೆಲಸಗಾರರ ಬೆವರಾಗಲಿ, ಕುಲುಮೆಯ ಸಮಯವಾಗಲಿ ಹಿಂತಿರುಗಿ ಬಾರದು. ತಿರಸ್ಕಾರವನ್ನು ಹತ್ತರಿಂದ ಐದಕ್ಕೆ ಇಳಿಸಿದರೆ, ಅಷ್ಟೇ ವಿದ್ಯುತ್ತು, ಅಷ್ಟೇ ಕೂಲಿ, ಅಷ್ಟೇ ಸಮಯದಲ್ಲಿ ಮಾರಾಟಕ್ಕೆ ಯೋಗ್ಯವಾದ ಸರಕು ೯೦ ಟನ್ನಿನಿಂದ ೯೫ ಟನ್ನಿಗೆ ಏರುವುದು. ಎಂದರೆ ನೂರಕ್ಕೆ ಐದೂವರೆಯಷ್ಟು ಹುಟ್ಟುವಳಿಯ ಹೆಚ್ಚಳ. ಇದನ್ನು ಹಸಿರು ಲಾಭವೆನ್ನೋಣವೇ, ಡಿಜಿಟಲ್ ಲಾಭವೆನ್ನೋಣವೇ?

ತಿರಸ್ಕಾರವನ್ನು ಇಳಿಸುವ ಬಗೆ ಹೇಗೆ? ಪ್ರತಿ ಸಲ ಕರಗಿಸಿದ ಲೋಹದ ಉಷ್ಣತೆ, ಅದರ ಘಟಕಗಳು, ಮರಳಿನ ತೇವ, ಹೊಯ್ದ ಹೊತ್ತು, ಇಷ್ಟನ್ನೂ ದಾಖಲೆಮಾಡಿ, ಕೆಟ್ಟ ವಸ್ತುವು ಯಾವ ದಿನದ ಯಾವ ಹೊಯ್ತದಿಂದ ಬಂದಿತೆಂದು ಹಿಂದಕ್ಕೆ ಹೋಗಿ ಹುಡುಕುವುದು. ಹಳೆಯ ಮೇಸ್ತ್ರಿಗಳು ಕಣ್ಣಳತೆಯಿಂದಲೇ ಇದರಲ್ಲಿ ಬಹುಪಾಲನ್ನು ಬಲ್ಲರು. ಗಣಕವು ಅವರಿಗಿಂತ ಜಾಣನೆಂದು ನಾವು ಹೇಳುವುದಿಲ್ಲ. ಆದರೆ ಮೇಸ್ತ್ರಿಯು ರಜೆಯ ಮೇಲೆ ಹೋದರೆ ಆ ಜ್ಞಾನವೂ ರಜೆಯ ಮೇಲೆ ಹೋಗುತ್ತದೆ, ದಾಖಲೆ ಹೋಗುವುದಿಲ್ಲ. ಮೇಸ್ತ್ರಿಯನ್ನು ಬಿಟ್ಟು ದಾಖಲೆಯನ್ನು ಮಾತ್ರ ನಂಬಿ ಹೊರಟವರ ಗತಿ ಬೇರೆಯೇ ಆಗುವುದೆಂಬುದನ್ನು ಹೇಳಬೇಕಾದ ಅಗತ್ಯವಿಲ್ಲವಷ್ಟೆ.

ಇನ್ನು ಬಿಸಿಲಿನ ವಿಷಯ. ನಮ್ಮ ತುಮಕೂರು ಜಿಲ್ಲೆಯ ಪಾವಗಡದಲ್ಲಿ ಸುಮಾರು ೧೩,೦೦೦ ಎಕರೆ ಭೂಮಿಯನ್ನು ರೈತರಿಂದ ಗುತ್ತಿಗೆಗೆ ಪಡೆದು ಸ್ಥಾಪಿಸಿರುವ ಸೌರ ಉದ್ಯಾನದ ಸಾಮರ್ಥ್ಯ ೨,೦೫೦ ಮೆಗಾವಾಟ್. ಮಳೆಯಿಲ್ಲದೆ ಬೆಳೆಯನ್ನು ಕೊಡದ ನೆಲವು ಬಿಸಿಲಿನ ಬೆಳೆಯನ್ನು ಕೊಡತೊಡಗಿದೆ. ಆದರೆ ಈ ಬೆಳೆ ಹಗಲಿನಲ್ಲಿಯೇ ಬರುವುದು, ಹಗಲಿನಲ್ಲಿಯೇ ಬಳಕೆಯಾಗಬೇಕು. ಶಿವನಸಮುದ್ರದಲ್ಲಿ ಬೇಸಗೆಯದಾಗಿದ್ದ ಕೊರತೆ ಇಲ್ಲಿ ಪ್ರತಿ ಸಾಯಂಕಾಲದ್ದಾಗಿದೆ. ಈ ಕಾರಣದಿಂದ ಕೇಂದ್ರ ಸರ್ಕಾರದವರು ೨೦೨೩ನೆಯ ಜೂನ್ ತಿಂಗಳಲ್ಲಿ ವಿದ್ಯುತ್ ಗ್ರಾಹಕರ ನಿಯಮಗಳನ್ನು ತಿದ್ದಿ, ಹೊತ್ತಿಗೆ ತಕ್ಕ ದರವಿರಬೇಕೆಂದು ವಿಧಿಸಿದರು. ಬಿಸಿಲಿನ ಹೊತ್ತಿನ ದರ ಸಾಧಾರಣ ದರಕ್ಕಿಂತ ಶೇಕಡಾ ೨೦ರಷ್ಟಾದರೂ ಕಡಮೆಯಿರಬೇಕು. ಬೇಡಿಕೆ ಉಚ್ಚವಾಗಿರುವ ಹೊತ್ತಿನಲ್ಲಿ ವ್ಯಾಪಾರಿಗಳಿಗೂ ಕೈಗಾರಿಕೆಗಳಿಗೂ ಶೇಕಡಾ ೨೦ರಷ್ಟಾದರೂ ಹೆಚ್ಚಿರಬೇಕು ಎಂಬುದು ಅದರ ಸಾರ. ೧೦ ಕಿಲೋವಾಟಿಗೆ ಮೀರಿದ ವ್ಯಾಪಾರ ಕೈಗಾರಿಕೆಗಳವರಿಗೆ ೨೦೨೪ನೆಯ ಏಪ್ರಿಲ್ ೧ನ್ನು ಗಡುವಾಗಿ ಇಡಲಾಗಿತ್ತು. ದರವನ್ನು ಗೊತ್ತುಮಾಡುವ ಅಧಿಕಾರ ರಾಜ್ಯಗಳ ಆಯೋಗಗಳದಾದ್ದರಿಂದ ಎಲ್ಲೆಡೆ ಇದು ಒಂದೇ ತೆರನಾಗಿ ನಡೆದಿಲ್ಲ. ದಿಕ್ಕು ಮಾತ್ರ ಸ್ಪಷ್ಟವಾಗಿದೆ.

ಗಾಳಿ ಬಂದಾಗ ತೂರಿಕೋ ಎಂಬ ನಮ್ಮ ಕಣದ ಗಾದೆ ಈಗ ಕಾರ್ಖಾನೆಯ ನಿಯಮವಾಗುತ್ತಿದೆಯೆಂದು ತಿಳಿಯಬೇಕು. ಅನೇಕ ಕಡೆಗಳಲ್ಲಿ ರಾತ್ರಿಯ ವಿದ್ಯುತ್ತಿಗೆ ರಿಯಾಯಿತಿಯಿದ್ದುದರಿಂದ ಎರಕದವರು ರಾತ್ರಿಯಲ್ಲಿ ಕುಲುಮೆಯನ್ನು ನಡೆಸಿ, ಕೆಲಸಗಾರರ ನಿದ್ರೆಯನ್ನು ಮಾರಿ ದರದಲ್ಲಿ ಲಾಭ ಪಡೆಯುತ್ತಿದ್ದರು. ಅಗ್ಗದ ಹೊತ್ತು ಹಗಲಿಗೆ ತಿರುಗುವುದಾದರೆ ಮನುಷ್ಯನಿಗೂ ಯಂತ್ರಕ್ಕೂ ಒಳ್ಳೆಯದೇ. ಆದರೆ ಯಾವ ಕೆಲಸವನ್ನು ಹಗಲಿಗೆ ತರಬಹುದು, ಯಾವುದನ್ನು ನಿಲ್ಲಿಸಿ ಮತ್ತೆ ಆರಂಭಿಸಬಹುದು, ಯಾವುದನ್ನು ನಿಲ್ಲಿಸಿದರೆ ನಷ್ಟ ಎಂಬ ವಿವೇಚನೆ ಬೇಕು. ನೀರಿನ ತೊಟ್ಟಿಯನ್ನು ತುಂಬುವುದು, ಮಂಜುಗಡ್ಡೆಯ ಸಂಗ್ರಹ, ಬ್ಯಾಟರಿಗಳಿಗೆ ವಿದ್ಯುತ್ ತುಂಬುವುದು ಮುಂತಾದುವು ಹೊತ್ತಿಗಾಗಿ ಕಾಯಬಲ್ಲವು. ಗಾಜಿನ ಕುಲುಮೆ ಕಾಯಲಾರದು. ಯಂತ್ರಯಂತ್ರಕ್ಕೂ ಅಳತೆಯಿಲ್ಲದವನು ಈ ವಿವೇಚನೆಯನ್ನು ಮಾಡುವುದಾದರೂ ಯಾವ ಆಧಾರದ ಮೇಲೆ? ಹಸಿರು ಶಕ್ತಿಯ ಚಂಚಲತೆಯನ್ನು ಲಾಭವನ್ನಾಗಿ ಮಾಡಿಕೊಳ್ಳುವುದಕ್ಕೆ ಗಣಕದ ಎಚ್ಚರ ಬೇಕೇ ಬೇಕು.

ದೊಡ್ಡವರು ಇದನ್ನು ಅರಿತಿದ್ದಾರೆ. ಅಮೆರಿಕೆಯ ಯು. ಪಿ. ಎಸ್. ಎಂಬ ಪಾರ್ಸಲು ಕಂಪೆನಿಯವರು ತಮ್ಮ ವಾಹನಗಳು ಯಾವ ಬೀದಿಯ ನಂತರ ಯಾವ ಬೀದಿಗೆ ಹೋಗಬೇಕೆಂಬುದನ್ನು ಗಣಕದಿಂದ ಗೊತ್ತುಮಾಡುವ ಕ್ರಮವನ್ನು ತಂದು, ೨೦೧೬ರ ಹೊತ್ತಿಗೆ ಅದನ್ನು ಆ ದೇಶದಲ್ಲೆಲ್ಲಾ ಹರಡಿದರು. ವರ್ಷಕ್ಕೆ ಸುಮಾರು ೧೦ ಕೋಟಿ ಮೈಲು ಓಡಾಟವೂ ಒಂದು ಕೋಟಿ ಗ್ಯಾಲನ್ ಇಂಧನವೂ ಉಳಿಯಿತೆಂದು ಅವರು ಹೇಳಿಕೊಂಡಿದ್ದಾರೆ. ಅನುಭವಸ್ಥರಾದ ಚಾಲಕರು ಮೊದಮೊದಲು ಇದನ್ನು ಒಪ್ಪಲಿಲ್ಲ. ತಾವು ಬಲ್ಲ ಬೀದಿಯನ್ನು ಯಂತ್ರವು ತಮಗೆ ಕಲಿಸಬೇಕೆ ಎಂದರು. ನಮ್ಮ ದೇಶದಲ್ಲಿಯೂ ೨೦೧೨ರಿಂದ ೨೦೧೫ರವರೆಗೆ ನಡೆದ ಇಂಧನ ದಕ್ಷತೆಯ ಯೋಜನೆಯ ಮೊದಲ ಸುತ್ತಿನಲ್ಲಿ ಸಿಮೆಂಟು, ಉಕ್ಕು, ಕಾಗದ, ಗೊಬ್ಬರ ಮುಂತಾದ ೮ ವರ್ಗಗಳ ೪೭೮ ದೊಡ್ಡ ಕಾರ್ಖಾನೆಗಳಿಗೆ ಗುರಿಯನ್ನು ಹಾಕಿಕೊಡಲಾಯಿತು. ಗುರಿಗಿಂತ ಹೆಚ್ಚು ಉಳಿಸಿದವರು ತಮ್ಮ ಹೆಚ್ಚಳವನ್ನು ಹಿಂದೆ ಬಿದ್ದವರಿಗೆ ಮಾರಬಹುದಾಗಿತ್ತು. ಒಟ್ಟಿನಲ್ಲಿ ಗುರಿಯನ್ನು ಮೀರಿ ಅದರ ಮೇಲೆ ಸುಮಾರು ಶೇಕಡಾ ೩೦ರಷ್ಟು ಹೆಚ್ಚಾಗಿಯೇ ಉಳಿತಾಯವಾಯಿತು. ಅಳತೆಯೂ ಗುರಿಯೂ ಕೂಡಿದರೆ ನಮ್ಮವರು ಯಾರಿಗೂ ಕಡಮೆಯಲ್ಲವೆಂಬುದಕ್ಕೆ ಇದಕ್ಕಿಂತ ಸಾಕ್ಷ್ಯ ಬೇಡ. ಆದರೆ ಆ ೪೭೮ರಲ್ಲಿ ಸಣ್ಣವರು ಯಾರೂ ಇರಲಿಲ್ಲ.

ಅಳತೆಯನ್ನೂ ಸಿದ್ಧತೆಯನ್ನೂ ಬಿಟ್ಟು, ಆಜ್ಞೆಯಿಂದ ಮಾತ್ರ ಹಸಿರಾಗಬೇಕಾಗಿ ಬಂದರೆ ಏನಾಗುವುದೆಂಬುದನ್ನು ನೆರೆಯ ತಿರುಪ್ಪೂರಿನಲ್ಲಿ ಕಂಡಿದ್ದೇವೆ. ಅಲ್ಲಿಯ ಬನಿಯನ್ ಕೈಗಾರಿಕೆಗೆ ಬಟ್ಟೆಯನ್ನು ಬಿಳುಪಿಸಿ ಬಣ್ಣ ಹಾಕುವ ಕಾರ್ಖಾನೆಗಳ ಕೊಚ್ಚೆ ನೊಯ್ಯಲ್ ನದಿಯನ್ನು ಕೆಡಿಸಿ, ಕೆಳಗಿನ ರೈತರ ಹೊಲಬಾವಿಗಳನ್ನು ಉಪ್ಪಾಗಿಸಿತ್ತು. ೨೦೧೧ನೆಯ ಜನವರಿಯಲ್ಲಿ ಮದರಾಸಿನ ಉಚ್ಚ ನ್ಯಾಯಾಲಯವು ಏಳುನೂರಕ್ಕೂ ಹೆಚ್ಚಿನ ಈ ಕಾರ್ಖಾನೆಗಳನ್ನು ಒಮ್ಮೆಗೇ ಮುಚ್ಚಿಸಿತು. ಹನಿಯಷ್ಟೂ ಹೊರಬಿಡದಂತೆ ನೀರನ್ನು ಶುದ್ಧಿಮಾಡಿ ಮತ್ತೆ ಬಳಸುವ ಏರ್ಪಾಡು ಆದವರಿಗೆ ಮಾತ್ರ ಬಾಗಿಲು ತೆರೆಯಿತು. ಎಷ್ಟೋ ಸಣ್ಣವರು ಮತ್ತೆ ತೆರೆಯಲೇ ಇಲ್ಲ. ತೆರೆದವರಿಗೆ ನೀರಿನಲ್ಲಿ ನೂರಕ್ಕೆ ತೊಂಬತ್ತು ಪಾಲಿಗೂ ಹೆಚ್ಚು ಮರಳಿ ಸಿಗುತ್ತದೆ, ಉಪ್ಪೂ ಸಿಗುತ್ತದೆ. ಆದರೆ ಆ ಶುದ್ಧೀಕರಣವೇ ವಿಪರೀತವಾಗಿ ವಿದ್ಯುತ್ತನ್ನೂ ಸೌದೆಯನ್ನೂ ಬೇಡುವುದು. ಬರಿಯ ಮಾಲೀಕನ ಲೆಕ್ಕದಲ್ಲಿ ನೋಡಿದರೆ ಇದರಿಂದ ಉತ್ಪಾದಕತೆ ಇಳಿಯಿತೆಂದೇ ಹೇಳಬೇಕು. ಅಮೆರಿಕೆಯ ಮೈಕೇಲ್ ಪೋರ್ಟರ್ ಎಂಬ ಪ್ರಾಧ್ಯಾಪಕರು ೧೯೯೧ರಲ್ಲಿ ಪ್ರತಿಪಾದಿಸಿದಂತೆ ಕಟ್ಟುನಿಟ್ಟಾದ ಪರಿಸರ ನಿಯಮಗಳು ಕಂಪೆನಿಗಳನ್ನು ಚುರುಕುಗೊಳಿಸಿ ಕೊನೆಗೆ ಲಾಭವನ್ನೇ ತರಬಲ್ಲವೆಂಬ ವಾದವು ಎಲ್ಲೆಡೆಯೂ ಎಲ್ಲರಿಗೂ ಸಲ್ಲದೆಂಬುದನ್ನು ಒಪ್ಪಿಕೊಳ್ಳಬೇಕು.

ಆದರೆ ಅದಕ್ಕೆ ಮುಂಚೆ ಇದ್ದ ಉತ್ಪಾದಕತೆ ಎಂಥದು? ನದಿಯ ನಷ್ಟವನ್ನು, ರೈತನ ಬಾವಿಯ ನಷ್ಟವನ್ನು ಖರ್ಚಿನ ಪಟ್ಟಿಯಲ್ಲಿ ಬರೆಯದೆ ಬಿಟ್ಟುದರಿಂದ ಹುಟ್ಟಿದ ಲಾಭವಲ್ಲವೆ ಅದು? ಪಕ್ಕದ ಮನೆಯ ಕಣಜದಿಂದ ಭತ್ತವನ್ನು ತಂದು ತನ್ನ ಹೊಲದ ಫಸಲೆಂದು ಅಳೆದವನ ಲೆಕ್ಕವದು. ನಮ್ಮ ಆಕ್ಷೇಪವಿರುವುದು ನ್ಯಾಯಾಲಯದ ಮೇಲಲ್ಲ. ಹದಿನೈದು ಇಪ್ಪತ್ತು ವರ್ಷ ಕಣ್ಣುಮುಚ್ಚಿಕೊಂಡಿದ್ದು, ಅಳತೆಯ ಯಾವ ಏರ್ಪಾಡನ್ನೂ ಬಲಪಡಿಸದೆ, ಕೊನೆಗೆ ಒಂದೇ ದಿನ ಬಾಗಿಲು ಮುಚ್ಚುವ ಸ್ಥಿತಿಗೆ ತಂದ ಆಡಳಿತದ ಮೇಲೆ.

ಇಂತಹ ಹಠಾತ್ತಾದ ಬಾಗಿಲು ಈಗ ಬೇರೊಂದು ಕಡೆಯಿಂದ ಮುಚ್ಚಿಕೊಳ್ಳುವ ಸಂಭವವುಂಟು. ಐರೋಪ್ಯ ಒಕ್ಕೂಟದವರು ತಮ್ಮ ಗಡಿಯೊಳಕ್ಕೆ ಬರುವ ಕಬ್ಬಿಣ, ಉಕ್ಕು, ಅಲ್ಯುಮಿನಿಯಮ್, ಸಿಮೆಂಟು, ಗೊಬ್ಬರ ಮುಂತಾದ ಸರಕುಗಳ ತಯಾರಿಕೆಯಲ್ಲಿ ಎಷ್ಟು ಇಂಗಾಲದ ಹೊಗೆ ಹೊರಟಿತೆಂದು ಕೇಳತೊಡಗಿದ್ದಾರೆ. ೨೦೨೩ನೆಯ ಅಕ್ಟೋಬರಿನಿಂದ ವರದಿಯನ್ನು ಮಾತ್ರ ಕೇಳುತ್ತಿದ್ದರು. ೨೦೨೬ನೆಯ ಜನವರಿ ೧ರಿಂದ ಆ ಹೊಗೆಗೆ ಬೆಲೆ ಕಟ್ಟುವ ಕ್ರಮವೂ ಜಾರಿಗೆ ಬಂದಿದೆ. ಬೆಲೆಯನ್ನು ತೆರುವವನು ಅಲ್ಲಿಯ ಆಮದುಗಾರನಾದರೂ ಅದರ ಭಾರ ಇಲ್ಲಿಯ ತಯಾರಕನ ದರದ ಮೇಲೆ ಬೀಳದೆ ಇರದು. ಈ ಪಟ್ಟಿಯಲ್ಲಿ ಬೋಲ್ಟು, ನಟ್ಟು, ಸ್ಕ್ರೂ, ಕೊಳವೆಯ ಜೋಡಣೆಗಳಂತಹ ಸಣ್ಣ ಸರಕುಗಳೂ ಸೇರಿವೆ. ವರ್ಷಕ್ಕೆ ೫೦ ಟನ್ನಿಗೆ ಮೀರದಷ್ಟು ಸರಕನ್ನು ತರಿಸುವ ಆಮದುಗಾರನಿಗೆ ವಿನಾಯಿತಿಯನ್ನು ಕೊಟ್ಟಿರುವರಾದರೂ, ದೊಡ್ಡ ಆಮದುಗಾರನಿಗೆ ಮಾರುವ ನಮ್ಮ ಸಣ್ಣ ತಯಾರಕನಿಗೆ ಅದು ರಕ್ಷೆಯಾಗದು.

ನಿಜವಾದ ಅಳತೆಯ ಅಂಕಿಗಳನ್ನು ಕೊಡಲಾರದವನ ಸರಕಿಗೆ ಅವರೇ ಗೊತ್ತುಮಾಡಿದ ಅಂಕಿಯನ್ನು ಹಚ್ಚುತ್ತಾರೆ. ಆ ಅಂಕಿ ದಾಕ್ಷಿಣ್ಯದ ಅಂಕಿಯಲ್ಲ. ಕರ್ನಾಟಕದಲ್ಲಿ ಬಿಸಿಲಿನ, ಗಾಳಿಯ, ನೀರಿನ ವಿದ್ಯುತ್ತನ್ನು ಬಳಸಿ, ಸೋರಿಕೆಯಿಲ್ಲದೆ ಕೆಲಸ ನಡೆಸುವ ತಯಾರಕನೂ ಲೆಕ್ಕವನ್ನು ತೋರಿಸಲಾರದೆಹೋದರೆ ಹೊಗೆ ಕಾರುವವನ ಸಾಲಿನಲ್ಲಿಯೇ ನಿಲ್ಲಬೇಕಾದೀತು. ಹೊಗೆಯನ್ನು ಒಂದೂವರೆ ಶತಮಾನ ಆಕಾಶಕ್ಕೆ ಬಿಟ್ಟು ಐಶ್ವರ್ಯವಂತರಾದವರು ಈಗ ನಮ್ಮ ಬಾಗಿಲಿಗೆ ತಕ್ಕಡಿಯನ್ನು ಹಿಡಿದು ಬಂದಿರುವುದು ನ್ಯಾಯವೆ ಎಂದು ನಮ್ಮ ದೇಶದ ಪ್ರತಿನಿಧಿಗಳು ಲೋಕಸಭೆಗಳಲ್ಲಿ ಕೇಳುವುದು ಯುಕ್ತವಾಗಿಯೇ ಇದೆ, ಕೇಳುತ್ತಲೇ ಇರಬೇಕು. ಆದರೆ ಆ ವಾದ ಮುಗಿಯುವವರೆಗೆ ಸರಕನ್ನು ಹಡಗಿನಲ್ಲಿ ಕೂರಿಸಿಕೊಂಡಿರಲಾಗದು. ನಮ್ಮದೇ ತಕ್ಕಡಿ ನಮ್ಮ ಕೈಯಲ್ಲಿದ್ದರೆ ವಾದಕ್ಕೂ ಬಲ ಬರುವುದು. ಭಾರತ ಸರ್ಕಾರದವರು ೨೦೨೩ನೆಯ ಜೂನ್‌ನಲ್ಲಿ ಇಂಗಾಲದ ಉಳಿತಾಯವನ್ನು ಕೊಂಡುಮಾರುವ ಯೋಜನೆಯೊಂದನ್ನು ಪ್ರಕಟಿಸಿರುವುದೂ ಈ ದಿಕ್ಕಿನಲ್ಲಿಯೇ.

ಇಷ್ಟೆಲ್ಲ ಹೇಳಿದುದರಿಂದ ಗಣಕವೇ ನಿರಪರಾಧಿಯೆಂದು ಯಾರೂ ಭಾವಿಸಬಾರದು. ಅಂತರರಾಷ್ಟ್ರೀಯ ಇಂಧನ ಸಂಸ್ಥೆಯವರ ೨೦೨೫ನೆಯ ವರದಿಯ ಪ್ರಕಾರ, ಜಗತ್ತಿನ ದತ್ತಾಂಶ ಕೇಂದ್ರಗಳು ೨೦೨೪ರಲ್ಲಿ ಬಳಸಿದ ವಿದ್ಯುತ್ತು ಸುಮಾರು ೪೧,೫೦೦ ಕೋಟಿ ಯೂನಿಟ್. ೨೦೩೦ರ ಹೊತ್ತಿಗೆ ಅದು ಎರಡರಷ್ಟಕ್ಕೂ ಮೀರಬಹುದೆಂದು ಅವರ ಅಂದಾಜು. ಗೂಗಲ್ ಕಂಪೆನಿಯವರು ೨೦೧೬ರಲ್ಲಿ ಕೃತಕ ಬುದ್ಧಿಯ ಸಹಾಯದಿಂದ ತಮ್ಮ ಕೇಂದ್ರಗಳನ್ನು ತಂಪಾಗಿಸುವ ವಿದ್ಯುತ್ತಿನಲ್ಲಿ ಶೇಕಡಾ ೪೦ರಷ್ಟನ್ನು ಉಳಿಸಿದೆವೆಂದು ಸಾರಿದರು. ಆ ಕೃತಕ ಬುದ್ಧಿಯೇ ಇಂದು ಹೊಸ ಕೇಂದ್ರಗಳ ಹಸಿವಿಗೆ ಮುಖ್ಯ ಕಾರಣವಾಗಿದೆ. ೧೮೬೫ರಲ್ಲಿಯೇ ಜೆವೊನ್ಸ್ ಎಂಬ ಆಂಗ್ಲ ಪಂಡಿತನು, ಕಲ್ಲಿದ್ದಲನ್ನು ಮಿತವಾಗಿ ಬಳಸುವ ಉಗಿಯಂತ್ರ ಬಂದುದರಿಂದ ಕಲ್ಲಿದ್ದಲ ಖರ್ಚು ತಗ್ಗದೆ ಏರಿತೆಂದು ಎಚ್ಚರಿಸಿದ್ದನು. ೨೦೨೪ರ ಬೇಸಗೆಯಲ್ಲಿ ಕುಡಿಯುವ ನೀರಿಗಾಗಿ ಬವಣೆಪಟ್ಟ ಬೆಂಗಳೂರು ಇಂತಹ ಕೇಂದ್ರಗಳನ್ನು ಸ್ವಾಗತಿಸುವಾಗ ನೀರಿನ ಪ್ರಶ್ನೆಯನ್ನು ಮೊದಲು ಕೇಳುವುದು ಅವಿನಯವೆನಿಸಲಾರದು.

ಹಾಗಾದರೆ ಮಾಡಬೇಕಾದದ್ದೇನು? ಹಣದ ವಿಷಯದಲ್ಲಿ ಕೇಂದ್ರ ಸರ್ಕಾರದವರು ೨೦೨೫ನೆಯ ಜುಲೈ ತಿಂಗಳಲ್ಲಿ ಒಂದು ಹೆಜ್ಜೆಯನ್ನು ಇಟ್ಟಿದ್ದಾರೆ. ಇಂಧನವನ್ನು ಉಳಿಸುವ ಯಂತ್ರಗಳಿಗಾಗಿ ಸಾಲ ಮಾಡುವ ಸಣ್ಣ ಹಾಗೂ ಅತಿ ಸಣ್ಣ ಕೈಗಾರಿಕೆಗಳಿಗೆ ಬಡ್ಡಿಯಲ್ಲಿ ಶೇಕಡಾ ೫ನ್ನೂ, ಮಧ್ಯಮದವರಿಗೆ ಶೇಕಡಾ ೩ನ್ನೂ ಸರ್ಕಾರವೇ ಭರಿಸುವ ೧,೦೦೦ ಕೋಟಿ ರೂಪಾಯಿಗಳ ಯೋಜನೆ ಅದು. ಒಳ್ಳೆಯದು. ಆದರೆ ಸಾಲವನ್ನು ಕೇಳುವ ಅರ್ಜಿಯಲ್ಲಿ ಎಷ್ಟು ಉಳಿಯುವುದೆಂದು ತೋರಿಸಬೇಕು. ತೋರಿಸುವುದಕ್ಕೆ ಮೊದಲು ಅಳೆದಿರಬೇಕು. ಅಳೆಯುವುದಕ್ಕೆ ಮೀಟರೂ, ಮೀಟರನ್ನು ಓದಿ ಅರ್ಥಮಾಡಿಕೊಳ್ಳಬಲ್ಲ ಮನುಷ್ಯನೂ ಬೇಕು. ಹತ್ತು ಜನರ ಕಾರ್ಖಾನೆಯ ಮಾಲೀಕನು ತಾನೇ ಗುಮಾಸ್ತ, ತಾನೇ ಮಾರಾಟಗಾರ, ಒಮ್ಮೊಮ್ಮೆ ತಾನೇ ಟರ್ನರು. ಅವನಿಗೆ ಪ್ರತ್ಯೇಕವಾಗಿ ಇಂಧನದ ಇಂಜನಿಯರನನ್ನು ಇಟ್ಟುಕೊಳ್ಳುವ ಶಕ್ತಿಯೆಲ್ಲಿಯದು?

ಆದ್ದರಿಂದ ಒಂದೊಂದು ಕೈಗಾರಿಕಾ ವಸಾಹತಿಗೂ ಒಂದೊಂದು ಸಾಮಾನ್ಯ ಅಳತೆಯ ಕೇಂದ್ರವಿರಬೇಕೆಂದು ನಾವು ಸಲಹೆಮಾಡುತ್ತೇವೆ. ಅಲ್ಲಿಯ ಕೈಗಾರಿಕೋದ್ಯಮಿಗಳ ಸಂಘವೇ ಅದನ್ನು ನಡೆಸಲಿ. ಮೀಟರುಗಳನ್ನು ಬಾಡಿಗೆಗೆ ಕೊಡಲಿ. ಪಾಲಿಟೆಕ್ನಿಕ್ಕುಗಳಲ್ಲಿ ಕಲಿತು ಕೆಲಸವನ್ನು ಹುಡುಕುತ್ತಿರುವ ತರುಣರಲ್ಲಿ ನಾಲ್ಕೈದು ಮಂದಿಯನ್ನು ತರಬೇತು ಮಾಡಿ, ಕಾರ್ಖಾನೆಯಿಂದ ಕಾರ್ಖಾನೆಗೆ ಸರದಿಯ ಮೇಲೆ ಕಳುಹಲಿ. ಒಬ್ಬನ ಅಂಕಿಗಳು ಇನ್ನೊಬ್ಬನ ಕೈಗೆ ಸಿಕ್ಕದಂತೆ ಕರಾರಿರಬೇಕು. ಇಲ್ಲದಿದ್ದರೆ ನಮ್ಮ ವ್ಯಾಪಾರಿಗಳು ಬಾಗಿಲನ್ನೇ ತೆರೆಯಲಾರರು. ಹಾಗೆ ಉಳಿದುದರಲ್ಲಿ ಒಂದು ಪಾಲನ್ನು ಕುಲುಮೆಯ ಬಳಿ ನಿಂತು ದುಡಿಯುವವರಿಗೆ ಬೋನಸ್ಸಾಗಿ ಕೊಡುವ ಪದ್ಧತಿಯನ್ನೂ ಮೊದಲಿನಿಂದಲೇ ಹಾಕಿಕೊಂಡರೆ, ಮೀಟರು ತಮ್ಮ ಮೇಲೆ ಗೂಢಚಾರನಾಗಿ ಬಂದಿದೆಯೆಂಬ ಶಂಕೆ ಕೆಲಸಗಾರರಲ್ಲಿ ಹುಟ್ಟದು. ಕವಾಟವನ್ನು ಮುಚ್ಚುವುದೂ ತೆರೆಯುವುದೂ ಅವರ ಕೈಯಲ್ಲಿಯೇ ಇರುವುದು.

ಇನ್ನೊಂದು ಕೆಲಸಕ್ಕೆ ಹಣವೂ ಹೆಚ್ಚು ಬೇಕಿಲ್ಲ. ಹೊಸ ಮಾದರಿಯ ವಿದ್ಯುತ್ ಮೀಟರುಗಳನ್ನು ಕೂರಿಸಿದ ಕಡೆಗಳಲ್ಲಿ ಗಂಟೆಗಂಟೆಯ ಬಳಕೆಯ ಅಂಕಿಗಳು ವಿದ್ಯುತ್ ಕಂಪೆನಿಗಳ ಗಣಕಗಳಲ್ಲಿ ಸಂಗ್ರಹವಾಗುತ್ತವೆ. ಅವು ಗ್ರಾಹಕನ ದುಡಿಮೆಯ ಅಂಕಿಗಳು. ಬಿಲ್ಲಿನ ಜೊತೆಯಲ್ಲಿ ಅವುಗಳನ್ನೂ ಕನ್ನಡದಲ್ಲಿ, ಒಂದು ಹಾಳೆಯ ಮೇಲೆ, ಯಾವ ಹೊತ್ತಿನಲ್ಲಿ ಎಷ್ಟು ಖರ್ಚಾಯಿತೆಂದು ಗೆರೆಯ ಚಿತ್ರವಾಗಿ ಸಣ್ಣ ಕೈಗಾರಿಕೆಯವರಿಗೆ ತಿಂಗಳು ತಿಂಗಳೂ ತಲಪಿಸುವುದು ಕಂಪೆನಿಯವರಿಗೆ ಅಸಾಧ್ಯವಾದದ್ದೇನಲ್ಲ. ಇದಕ್ಕಾಗಿ ರಾಜ್ಯದ ವಿದ್ಯುಚ್ಛಕ್ತಿ ನಿಯಂತ್ರಣ ಆಯೋಗದವರು ದರ ಪರಿಷ್ಕರಣೆಯ ಮುಂದಿನ ವಿಚಾರಣೆಯಲ್ಲಿಯೇ ಆಜ್ಞೆ ಮಾಡಬಹುದು. ಆ ವಿಚಾರಣೆಗಳು ಸಾರ್ವಜನಿಕವಾದುವು. ಪೀಣ್ಯದವರೂ ಬೆಳಗಾವಿಯವರೂ ಹುಬ್ಬಳ್ಳಿಯವರೂ ದರವನ್ನು ತಗ್ಗಿಸಿರೆಂಬ ಎಂದಿನ ಮನವಿಯ ಜೊತೆಯಲ್ಲಿ ಈ ಹಾಳೆಯನ್ನೂ ಕೇಳಿ ಅರ್ಜಿ ಸಲ್ಲಿಸಬೇಕು.